ನೋಟ್ ಬುಕ್ ಇಟ್ಟು ಕೋಳಿ ಮಾರುವ ಮನೆ

ಪಾಂಡವಪುರದ ಹತ್ತಿರ, ನಾಲೆ ಏರಿಯ ಪಕ್ಕ ಒಂದು ಕೋಳಿ ಮನೆ ಇದೆ. ಅಲ್ಲಿ ಗಿರಾಕಿ ಬಂದ ಕೂಡಲೇ ಕೋಳಿ ಹಿಡಿದು ತೋರಿಸುವುದಿಲ್ಲ. ಮೊದಲು ಕೂರಲು ಹೇಳುತ್ತಾರೆ, ಆಮೇಲೆ ಒಂದು ಉದ್ದನೆಯ ನೋಟ್ ಬುಕ್ ತೆಗೆಯುತ್ತಾರೆ. ನಾನು ಅಲ್ಲಿಂದ ಮೊಟ್ಟೆ, ಮರಿ, ಒಂದು ಹುಂಜ ತಂದು ಒಂದು ವರ್ಷ ದಾಟಿತು. ತಂದದ್ದಕ್ಕೆ ಮಕ್ಕಳು ಮೊಮ್ಮಕ್ಕಳು ಆದ ಮೇಲೆ ಬರೆದರೇನೇ ಇಂಥ ಕಡೆಯ ಬಗ್ಗೆ ಬರೆದದ್ದಕ್ಕೆ ಅರ್ಥ ಅಂತ ಇಷ್ಟು ದಿನ ಕಾದೆ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು. ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು ಅಂಚು, ಜರಿ, ಬಣ್ಣ ನೋಡುವುದು ನನ್ನ ಕೆಲಸವಾಗಿತ್ತು. ಎಲ್ಲೋ ಒಂದು ಎಳೆ ತಪ್ಪಿದ್ದರೂ ಕಣ್ಣಿಗೆ ಚುಚ್ಚುತ್ತದೆ. ಈಗ ಬೋಗಾದಿಯ ಆಚೆ ಸಣ್ಣ ಹಿತ್ತಲಿದೆ. ಹುಟ್ಟಿದ್ದು ಮಂಡ್ಯದ ಕಡೆ ಹಳ್ಳಿಯಲ್ಲಿ. ಅವ್ವ ಮಂಕರಿಯಲ್ಲಿ ಕಾವಿಗೆ ಕೂರಿಸುತ್ತಿದ್ದಳು. ಹಾಗಾಗಿ ಕೋಳಿ ನನಗೆ ಹೊಸದಲ್ಲ. ಆದರೆ ಬಣ್ಣ ನೋಡಿ ಜೋಡಿ ಹಾಕುವ ವಿದ್ಯೆ ಪೂರ್ತಿ ಹೊಸದು.

ಇಲ್ಲಿಗೆ ಬರುವ ಮೊದಲು ಒಂದು ಕಡೆ ಕೈ ಸುಟ್ಟುಕೊಂಡಿದ್ದೆ. ಅದು ಯಾರು, ಎಲ್ಲಿ ಅಂತ ಬರೆಯುವುದಿಲ್ಲ. ಬೂದಿ ಬಣ್ಣದ ಒಂದು ಹುಂಜ, ಒಂದು ಹೇಂಟೆ, ಜೋಡಿಗೆ 2500 ರೂಪಾಯಿ ಕೊಟ್ಟೆ. ನಮ್ಮವರು ಬ್ಲೂ ಅಂತಾರಲ್ಲ, ಆ ಬಣ್ಣ. ಮಳೆ ಮೋಡದ ಹಾಗೆ, ಪ್ರತಿ ಗರಿಗೂ ಸ್ವಲ್ಪ ಗಾಢವಾದ ಅಂಚು. ನೋಡಿದರೆ ನಮ್ಮ ಕಾರ್ಖಾನೆಯ ಕ್ರೇಪ್ ಸೀರೆಯೇ ನೆನಪಾಗುತ್ತಿತ್ತು. "ಇದರಲ್ಲಿ ಬರೋ ಮರಿಗಳೆಲ್ಲ ಇದೇ ಬಣ್ಣ" ಅಂತ ಹೇಳಿ ಕೊಟ್ಟರು. ಮೊದಲ ಕಾವಿನಲ್ಲಿ 7 ಮರಿ ಬಂದವು. 3 ಬೂದಿ, 2 ಕಪ್ಪು. ಉಳಿದ 2 ಕೊಳೆ ಬಿಳಿ, ಮೈ ಮೇಲೆ ಅಲ್ಲಲ್ಲಿ ಮಸಿ ಚೆಲ್ಲಿದ ಹಾಗೆ. ಫೋನ್ ಮಾಡಿದರೆ, "ನಿಮ್ಮ ಮನೆಯ ಬೇರೆ ಹುಂಜ ಸೇರಿರಬೇಕು" ಅಂದರು. ನಮ್ಮ ಮನೆಯಲ್ಲಿ ಬೇರೆ ಹುಂಜವೇ ಇರಲಿಲ್ಲ. ಬೇಜಾರಾಗಿ ಆ ಎರಡು ಮಸಿ ಮರಿಗಳನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. ಆ ನೋವು ಇವತ್ತಿಗೂ ಇದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪಾಂಡವಪುರದ ಈ ಮನೆಗೆ ಬೋರ್ಡಿಲ್ಲ, ಹೆಸರಿಲ್ಲ. ಮೈಸೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ, ಶ್ರೀರಂಗಪಟ್ಟಣ ದಾಟಿ ಪಾಂಡವಪುರ ಸ್ಟೇಷನ್‌ನಲ್ಲಿ ಇಳಿದು, ಬಣ್ಣದ ಕೋಳಿ ಮನೆ ಎಲ್ಲಿ ಅಂತ ಆಟೋದವರನ್ನು ಕೇಳಿದರೆ ಸಾಕು. ಸುತ್ತ ಕಬ್ಬಿನ ಗದ್ದೆ. ನಡುವೆ ತೆಂಗಿನ ಗರಿ ಮತ್ತು ತಂತಿ ಬಲೆಯಲ್ಲಿ ಕಟ್ಟಿದ 9 ಕೋಣೆಗಳು. ಒಂದೊಂದು ಕೋಣೆಗೆ ಒಂದು ಹುಂಜ, ನಾಲ್ಕೈದು ಹೇಂಟೆ. ನಡೆಸುವ ತಮ್ಮನಿಗೆ ಮೂವತ್ತೈದರ ಆಸುಪಾಸು. ಕಬ್ಬು, ಭತ್ತ ಮಾಡಿಕೊಂಡು ಇದನ್ನೂ ನೋಡಿಕೊಳ್ಳುತ್ತಾನೆ. ಅವರ ಅವ್ವ ಮರಿಗಳ ಪಾಲನೆ ಮಾಡುತ್ತಾರೆ.

ನೋಟ್ ಬುಕ್ಕಿಗೆ ಬರುತ್ತೇನೆ. ಪ್ರತಿ ಕೋಳಿಯ ಕಾಲಲ್ಲೂ ಉಂಗುರ, ಉಂಗುರದ ಮೇಲೆ ನಂಬರು. ಬುಕ್ಕಿನಲ್ಲಿ ಆ ನಂಬರಿನ ಮುಂದೆ ಅಪ್ಪ ಯಾವುದು, ಅವ್ವ ಯಾವುದು, ಹುಟ್ಟಿದ ತಾರೀಖು, ಕಾಣುವ ಬಣ್ಣ. ಕೊನೆಯ ಕಾಲಮ್ಮಿಗೆ ಅವನು ಕೊಟ್ಟ ಹೆಸರು "ಒಳಗಿರುವ ಬಣ್ಣ". ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಬಣ್ಣದ ಕೋಳಿ ಮಾರುವವರನ್ನು ನಾನು ತುಂಬ ಕಡೆ ನೋಡಿದ್ದೇನೆ. ಕಣ್ಣಿಗೆ ಕಾಣದ ಬಣ್ಣವನ್ನು ಬರೆದಿಟ್ಟವರನ್ನು ನೋಡಿದ್ದು ಇದೇ ಮೊದಲು.

"ಇಂಥದ್ದೇ ಬತ್ತದೆ ಅಂತ ನಾನು ಗ್ಯಾರಂಟಿ ಕೊಡಾಕಿಲ್ಲ ಕಣಕ್ಕಾ" ಅಂದ. "ಯಾವ್ದು ಬರಬೋದು, ಯಾವ್ದು ಬರಾದೇ ಇಲ್ಲ, ಅದನ್ನ ಮಾತ್ರ ಯೇಳ್ತೀನಿ."

ನನ್ನ ಹಳೆಯ ಕಥೆ ಹೇಳಿದೆ. ಬೂದಿ ಜೋಡಿಯಲ್ಲಿ ಕಪ್ಪು ಮತ್ತು ಮಸಿ ಮರಿ ಬಂದದ್ದು ತಪ್ಪೇ ಅಲ್ಲ, ಹಾಗೇ ಬರಬೇಕು ಅಂದ. ಪೆನ್ಸಿಲ್ಲಿನಲ್ಲಿ ನಾಲ್ಕು ಮನೆ ಗೀಚಿ ತೋರಿಸಿದ. ಕಪ್ಪು ಬಣ್ಣವನ್ನು ತೆಳುಮಾಡುವ ಒಂದು ಜೀನ್ ಇದೆ. ಅಪ್ಪನಿಂದಲೋ ಅವ್ವನಿಂದಲೋ ಅದು ಒಂದೇ ಪ್ರತಿ ಬಂದರೆ ಕೋಳಿ ಬೂದಿ ಆಗುತ್ತದೆ. ಇಬ್ಬರಿಂದಲೂ ಬಂದರೆ ತೀರಾ ತೆಳುವಾಗಿ, ಬಿಳಿಚು ಮೈಗೆ ಮಸಿ ಚೆಲ್ಲಿದಂತೆ ಆಗುತ್ತದೆ. ಅದಕ್ಕೆ ಸ್ಪ್ಲಾಶ್ ಅಂತಾರೆ. ಒಂದೂ ಬರದಿದ್ದರೆ ಕಪ್ಪು. ಹಾಗಾಗಿ ಬೂದಿಗೆ ಬೂದಿ ಹಾಕಿದರೆ ಲೆಕ್ಕದ ಪ್ರಕಾರ 4ರಲ್ಲಿ 1 ಕಪ್ಪು, 2 ಬೂದಿ, 1 ಸ್ಪ್ಲಾಶ್. ನನ್ನ 7 ಮರಿಗಳು ಬಂದದ್ದು ಹೆಚ್ಚುಕಡಿಮೆ ಹಾಗೇ ಅಲ್ವಾ!

ಮಗಳು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ಮನೆಗೆ ಬಂದು ಇದನ್ನು ಹೇಳಿದಾಗ ಅವಳು, ಅಮ್ಮ, ಇದು ನೂರು ವರ್ಷಕ್ಕೂ ಹಳೆಯ ಪಾಠ ಅಂದಳು. ಇಂಗ್ಲೆಂಡಿನಲ್ಲಿ ವಿಲಿಯಂ ಬೇಟ್ಸನ್ ಅನ್ನುವವರು ಕೋಳಿಯ ಜುಟ್ಟು ನೋಡಿ, ಮೆಂಡಲ್ ಬಟಾಣಿಯಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ನಡೆಯುತ್ತದೆ ಅಂತ 1902ರಲ್ಲೇ ತೋರಿಸಿದರಂತೆ. ಆಮೇಲೆ ಅವರೂ ರೆಜಿನಾಲ್ಡ್ ಪನ್ನೆಟ್ ಅನ್ನುವವರೂ ಸೇರಿ ಆಂಡಲೂಸಿಯನ್ ಅನ್ನುವ ಬೂದಿ ಕೋಳಿಯ ಲೆಕ್ಕ ಬಿಡಿಸಿದರಂತೆ. ಆ ತಮ್ಮ ನನಗೆ ಗೀಚಿ ತೋರಿಸಿದ ನಾಲ್ಕು ಮನೆ ಇದೆಯಲ್ಲ, ಅದಕ್ಕೆ ಹೆಸರೇ ಪನ್ನೆಟ್ ಚೌಕ. ಅವನಿಗೆ ಹೆಸರು ಗೊತ್ತಿರಲಿಲ್ಲ, ವಿದ್ಯೆ ಗೊತ್ತಿತ್ತು.

ಮೊದಲ ಸಲ ನಾನು ತಂದದ್ದು 12 ಮೊಟ್ಟೆ, ಒಂದಕ್ಕೆ 50 ರೂಪಾಯಿ. ಬೂದಿ ಹುಂಜ, ಕಪ್ಪು ಹೇಂಟೆಗಳ ಕೋಣೆಯದು. ಈ ಜೋಡಿಯಲ್ಲಿ ಅರ್ಧ ಬೂದಿ, ಅರ್ಧ ಕಪ್ಪು ಬರಬಹುದು, ಸ್ಪ್ಲಾಶ್ ಬರುವುದೇ ಇಲ್ಲ ಅಂದಿದ್ದ. ಒಂದು ಡಜನ್ನಿನಲ್ಲಿ ಲೆಕ್ಕ ಆಚೀಚೆ ಆದರೆ ಬೇಜಾರು ಮಾಡಿಕೊಳ್ಳಬೇಡಿ ಅಂತಲೂ ಮೊದಲೇ ಹೇಳಿದ್ದ. ಮನೆಗೆ ತಂದು ಒಂದು ದಿನ ಚೂಪು ತುದಿ ಕೆಳಗೆ ಮಾಡಿ ಇಟ್ಟೆ. ಪ್ರಯಾಣದಲ್ಲಿ ಅಲುಗಾಡಿದ ಮೊಟ್ಟೆ ಸುಧಾರಿಸಿಕೊಳ್ಳಬೇಕು. ಆಮೇಲೆ ನಮ್ಮ ಕೆಂಪು ಹೇಂಟೆಯನ್ನು ಕಾವಿಗೆ ಕೂರಿಸಿದೆ. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಒಂದು ಬರೀ ಖಾಲಿ. ಉಳಿದವುಗಳಲ್ಲಿ ಜೇಡದ ಕಾಲಿನಂತೆ ರಕ್ತದ ಎಳೆಗಳು. 21ನೇ ದಿನ 8 ಮರಿ ಬಂದವು. 5 ಕಪ್ಪು, 3 ಬೂದಿ. ಸ್ಪ್ಲಾಶ್ ಒಂದೂ ಇಲ್ಲ. ಒಂದು ಮರಿ ಚಿಪ್ಪಿನೊಳಗೇ ಸತ್ತಿತ್ತು. ಇನ್ನೆರಡು ಮೊಟ್ಟೆಯ ವಿಷಯ ಕೆಳಗಿದೆ.

ಎಲ್ಲ ಮರಿಯೂ ಬೂದಿಯೇ ಬೇಕಿದ್ದರೆ ಏನು ಮಾಡಬೇಕು ಅಂತ ಮುಂದಿನ ಸಲ ಕೇಳಿದೆ. ಅವನು ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಸ್ಪ್ಲಾಶ್ ಹುಂಜ ನಿಂತಿತ್ತು. ನಾನು ಪಕ್ಕದ ಮನೆಗೆ ಕೊಟ್ಟ ಮರಿಗಳ ಹಾಗೇ ಕೊಳೆ ಬಿಳಿ, ಮಸಿ ಮಸಿ. "ಇದನ್ನ ಯಾರೂ ಕೇಳಾಕಿಲ್ಲ ಅಕ್ಕಾ. ಆದ್ರೆ ಇದನ್ನ ಕರೀ ಯಾಟೆ ಮೇಲೆ ಬುಟ್ರೆ ಮರಿ ಎಲ್ಲಾ ಬೂದೀನೇ." ಹುಂಜದ ಹತ್ತಿರ ತೆಳುಮಾಡುವ ಜೀನ್ ಎರಡೂ ಪ್ರತಿ ಇದೆ. ಕಪ್ಪು ಹೇಂಟೆಯ ಹತ್ತಿರ ಒಂದೂ ಇಲ್ಲ. ಹಾಗಾಗಿ ಪ್ರತಿ ಮರಿಗೂ ತಪ್ಪದೆ ಒಂದೊಂದು ಹೋಗುತ್ತದೆ. ನನಗೆ ಬೇಕಾಗಿದ್ದ ಸೀರೆಯ ಬಣ್ಣ ಇದ್ದದ್ದು, ನಾನು ಕಸ ಅಂತ ಕೊಟ್ಟ ಆ ಎರಡು ಮರಿಗಳಲ್ಲಿ. 900 ರೂಪಾಯಿಗೆ ಹುಂಜ ಕೊಟ್ಟ. ಬೂದಿ ಹುಂಜಕ್ಕೆ ಅವನಲ್ಲಿ 1500. ಜಾಸ್ತಿ ಬೆಲೆಯದ್ದನ್ನೇ ನನಗೆ ದಾಟಿಸಬಹುದಿತ್ತು, ಹಾಗೆ ಮಾಡಲಿಲ್ಲ. ಬುಕ್ ತೆಗೆದು, ಈ ಹುಂಜವೂ ನನ್ನ ಮನೆಯ ಕಪ್ಪು ಮರಿಗಳೂ ಒಂದೇ ಅಪ್ಪನವು ಅಲ್ಲ ಅಂತ ನೋಡಿದ ಮೇಲೇ ಬುಟ್ಟಿಗೆ ಹಾಕಿದ.

ಪಟ್ಟೆ ಕೋಳಿಯದು ಇನ್ನೂ ಚೆಂದದ ವಿಷಯ. ಅಮೆರಿಕದ ಪ್ಲಿಮತ್ ರಾಕ್ ತಳಿಯ ಹೇಂಟೆಗಳಿವೆ ಅವನ ಹತ್ತಿರ. ಮೈ ತುಂಬ ಕಪ್ಪು ಬಿಳಿ ಅಡ್ಡ ಗೆರೆ. ಅವುಗಳ ಜೊತೆ ಕಪ್ಪು ನಾಟಿ ಹುಂಜ ಬಿಟ್ಟಿದ್ದಾನೆ. ಈ ಜೋಡಿಯ ಮರಿಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು ಅಂತ ಹುಟ್ಟಿದ ದಿನವೇ ಗೊತ್ತಾಗುತ್ತದೆ. ಪಟ್ಟೆಯ ಜೀನ್ ಲಿಂಗದ ಜೊತೆ ಅಂಟಿಕೊಂಡಿದೆ. ಪಟ್ಟೆ ಹೇಂಟೆ ಅದನ್ನು ಗಂಡು ಮಕ್ಕಳಿಗೆ ಮಾತ್ರ ಕೊಡುತ್ತದೆ, ಹೆಣ್ಣು ಮಕ್ಕಳಿಗೆ ಕೊಡಲು ಬರುವುದಿಲ್ಲ. ಹಾಗಾಗಿ ತಲೆ ಮೇಲೆ ಬಿಳಿ ಬೊಟ್ಟಿರುವ ಕಪ್ಪು ಮರಿ ಹುಂಜ, ಬೊಟ್ಟಿಲ್ಲದ್ದು ಹೇಂಟೆ. ಹುಂಜ ಪಟ್ಟೆಯದಾಗಿ ಹೇಂಟೆ ಕಪ್ಪಾದರೆ ಈ ಗುರುತು ಸಿಗುವುದಿಲ್ಲ. ಮೊಟ್ಟೆಗಾಗಿ ಸಾಕುವವರಿಗೆ ಇದು ದೊಡ್ಡ ಉಪಕಾರ. ಸುಮ್ನೆ ಹತ್ತು ಮರಿ ತಂದು, ನಾಲ್ಕು ತಿಂಗಳು ಕಾಳು ಹಾಕಿ, ಕೊನೆಗೆ ಏಳು ಹುಂಜ ಅಂತ ಗೊತ್ತಾದರೆ ಎಷ್ಟು ನಷ್ಟ! ನಾನು ಅಕ್ಟೋಬರಿನಲ್ಲಿ 6 ಹೇಂಟೆ, 2 ಹುಂಜ ಕೇಳಿದೆ. ಒಂದಕ್ಕೆ 80 ರೂಪಾಯಿ. ಅವನ ಅವ್ವ ಒಂದೊಂದೇ ಮರಿಯ ತಲೆ ನೋಡಿ ಎತ್ತಿ ಬುಟ್ಟಿಗೆ ಹಾಕಿದರು. ಬೆಳೆದ ಮೇಲೆ ನೋಡಿದರೆ ಒಂದೂ ತಪ್ಪಿಲ್ಲ.

ಚಿತ್ತಾ ಕೋಳಿಗಳ ಪುಟವನ್ನು ನಾನು ತುಂಬ ಹೊತ್ತು ಓದಿದೆ. ಅಸೀಲ್ ಅನ್ನುವ ಕಾಳಗದ ತಳಿಯ ಕೋಳಿಗಳಲ್ಲಿ ಬಣ್ಣಕ್ಕೊಂದು ಹೆಸರಿದೆ. ಹೊನ್ನಿನ ಕೆಂಪಾದರೆ ಪೀಲಾ, ಕಪ್ಪಾದರೆ ಕಾಗರ್, ಬಿಳಿಯಾದರೆ ನೂರಿ, ಕಪ್ಪು ಬಿಳಿ ಚುಕ್ಕೆಯದು ಚಿತ್ತಾ. ಅವನ ಚಿತ್ತಾ ಹುಂಜವನ್ನು ಕಪ್ಪು ಹೇಂಟೆಗಳಿಗೆ ಬಿಟ್ಟಾಗ ಮರಿಗಳೆಲ್ಲ ಕಪ್ಪೇ ಆದವಂತೆ. ಊರವರು ಚುಕ್ಕೆ ಹಾಳಾಯಿತು ಅಂದರಂತೆ. ಅವನು ಆ ಕಪ್ಪು ಮರಿಗಳ ಮುಂದೆ, ಒಳಗಿರುವ ಬಣ್ಣದ ಕಾಲಮ್ಮಿನಲ್ಲಿ "ಚುಕ್ಕೆ" ಅಂತ ಬರೆದಿಟ್ಟ. ದೊಡ್ಡವಾದ ಮೇಲೆ ಅವುಗಳಲ್ಲಿ ಕೆಲವು ಹೇಂಟೆಗಳನ್ನು ಇನ್ನೊಂದು ಚಿತ್ತಾ ಹುಂಜಕ್ಕೆ ಬಿಟ್ಟಾಗ, ಮರಿಗಳಲ್ಲಿ ಅರ್ಧದಷ್ಟು ಚುಕ್ಕೆಯವು ಬಂದವು. ಚುಕ್ಕೆ ಕಾಣಬೇಕಾದರೆ ಅಪ್ಪ ಅವ್ವ ಇಬ್ಬರಿಂದಲೂ ಬರಬೇಕು. ಒಂದೇ ಕಡೆಯಿಂದ ಬಂದರೆ ಒಳಗೆ ಸುಮ್ಮನೆ ಕೂತಿರುತ್ತದೆ. ನಮ್ಮಲ್ಲಿ ಜಕಾರ್ಡ್ ಮಗ್ಗಕ್ಕೆ ತೂತು ಹೊಡೆದ ಕಾರ್ಡುಗಳಿರುತ್ತಿದ್ದವು. ಬುಟ್ಟಾ ಸೀರೆಯಲ್ಲಿ ಕಾಣುವ ಮೊದಲೇ ಕಾರ್ಡಿನಲ್ಲಿ ಇರುತ್ತದೆ. ಕಾರ್ಡು ಓದಲು ಬರುವವರಿಗೆ ಮಾತ್ರ ಅದು ಗೊತ್ತು. ಈ ನೋಟ್ ಬುಕ್ ಅಂಥದ್ದೇ.

ಇನ್ನೊಂದು ವಿಷಯ ಇಲ್ಲೇ ಕಲಿತೆ. ಮರಿಯ ಬಣ್ಣ ನೋಡಿ ತೀರ್ಪು ಕೊಡಬಾರದು. ಮೊದಲ ತುಪ್ಪಳ ಒಂದು ಥರ, ಒಂದೂವರೆ ತಿಂಗಳ ಪುಕ್ಕ ಇನ್ನೊಂದು ಥರ, ಆರು ತಿಂಗಳ ಗರಿ ಮತ್ತೊಂದು ಥರ. ಚಿತ್ತಾಗಳಲ್ಲಿ ಪ್ರತಿ ಸಲ ಪುಕ್ಕ ಉದುರಿ ಬಂದಾಗಲೂ ಬಿಳಿ ಜಾಸ್ತಿ ಆಗುತ್ತಾ ಹೋಗುತ್ತದೆ. ಬೂದಿ ಕೋಳಿಯ ಗರಿ ಬಿಸಿಲಿಗೆ ಮಾಸುತ್ತದೆ, ಬಿಳಿಯದು ಹಳದಿಗೆ ತಿರುಗುತ್ತದೆ. ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಾಕಿದ ಮರಿ ತರುವವರು ದಯವಿಟ್ಟು ನಿಲ್ಲಿಸಿ. ಆ ಬಣ್ಣ ಹೊಸ ಪುಕ್ಕ ಬಂದ ಕೂಡಲೇ ಹೋಗುತ್ತದೆ. ಮರಿಗಳಿಗೂ ಅದು ಹಿಂಸೆ.

ಬೋಳು ಕತ್ತಿನ ಕೋಳಿಗಳೂ ಇವೆ. ಚೆಂದಕ್ಕಲ್ಲ, ನಮ್ಮ ಬೇಸಿಗೆಗೆ. ಪುಕ್ಕ ಕಡಿಮೆ ಇದ್ದಷ್ಟೂ ಮೈ ಬೇಗ ತಣಿಯುತ್ತದೆ. ಕತ್ತಿನ ಮುಂದೆ ಒಂದು ಕುಚ್ಚು ಪುಕ್ಕ ಉಳಿದಿದ್ದರೆ ಆ ಜೀನ್ ಒಂದೇ ಪ್ರತಿ ಇದೆ ಅಂತ, ಪೂರ್ತಿ ಬೋಳಾದರೆ ಎರಡು. ಕಡಕ್‌ನಾಥ್ ಕೂಡ ಇಟ್ಟಿದ್ದಾನೆ. ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ ಅದು, 2018ರಲ್ಲಿ ಜಿಐ, ಅಂದರೆ ಇದು ಇಂಥ ಊರಿನದು ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು. ಪುಕ್ಕ ಕಪ್ಪಾದ ಮಾತ್ರಕ್ಕೆ ಕಡಕ್‌ನಾಥ್ ಆಗುವುದಿಲ್ಲ ಅಂತ ಬಾಯಿ ತೆರೆಸಿ ಕಪ್ಪು ನಾಲಿಗೆ, ಕಾಲಿನ ಕಪ್ಪು ಚರ್ಮ ತೋರಿಸುತ್ತಾನೆ. ಅಡ್ಡ ತಳಿಯನ್ನು ಅಡ್ಡ ತಳಿ ಅಂತಲೇ ಹೇಳಿ ಮಾರುತ್ತಾನೆ. ಅಸೀಲ್ ಕೇಳಿ ಬಂದವರನ್ನು ಯಾಕೆ ಬೇಕು ಅಂತ ವಿಚಾರಿಸುತ್ತಾನೆ. ಕಾಳಗಕ್ಕೆ ಅಂತ ಅನುಮಾನ ಬಂದರೆ ಕೊಡುವುದಿಲ್ಲ. ನಾನಿದ್ದಾಗಲೇ ಇಬ್ಬರನ್ನು ವಾಪಸ್ ಕಳಿಸಿದ.

ಮರಿಗಳಿಗೆ ಏಳನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್ ಅಂತಾರಲ್ಲ, ಅದು) ಲಸಿಕೆ ಹನಿ ಹಾಕಿ, ತಾರೀಖು ಬರೆದ ಚೀಟಿ ಕೊಡುತ್ತಾರೆ. ಎಂಟು ವಾರಕ್ಕೆ ಚುಚ್ಚುಮದ್ದು ನಾವೇ ಹಾಕಿಸಬೇಕು. ಆ ತಾರೀಖೂ ಚೀಟಿಯಲ್ಲೇ ಇರುತ್ತದೆ. ದಿನದ ಮರಿ ತಂದರೆ ಎರಡೂ ನಮ್ಮದೇ ಜವಾಬ್ದಾರಿ.

ಈಗ ಸರಿ ಹೋಗಬೇಕಾದ ವಿಷಯಗಳು. ಪ್ರೀತಿ ಇರುವುದರಿಂದಲೇ ಬರೆಯುತ್ತಿದ್ದೇನೆ, ಅವನ ಮುಂದೆಯೂ ಹೇಳಿದ್ದೇನೆ.

ಮೊಟ್ಟೆ ಕಟ್ಟಿಕೊಡುವ ರೀತಿ ಏನೇನೂ ಸಾಲದು. ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ಭತ್ತದ ಹೊಟ್ಟು ಹಾಕಿ ಕೊಟ್ಟಿದ್ದ. ನನ್ನ 12ರಲ್ಲಿ 2 ರೈಲಿನಲ್ಲೇ ಬಿರುಕು ಬಿಟ್ಟವು. 50 ರೂಪಾಯಿಯ ಮೊಟ್ಟೆಗೆ ಒಂದು ರಟ್ಟಿನ ಟ್ರೇ ಕೊಡಬಹುದಲ್ವಾ? ಈಗ ನಾನು ಮನೆಯಿಂದಲೇ ಟ್ರೇ ತೆಗೆದುಕೊಂಡು ಹೋಗುತ್ತೇನೆ, ನೀವೂ ಹಾಗೇ ಮಾಡಿ. ಪಶ್ಚಿಮದ ಕಡೆಯ ಮೂರು ಕೋಣೆಗಳಿಗೆ ಮಧ್ಯಾಹ್ನದ ಮೇಲೆ ನೆರಳಿಲ್ಲ. ಏಪ್ರಿಲ್‌ನಲ್ಲಿ ಹೋದಾಗ ಕೋಳಿಗಳು ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದವು, ನೋಡಿ ಸಂಕಟ ಆಯಿತು. ಕಬ್ಬು ಕಡಿಯುವ ದಿನಗಳಲ್ಲಿ ಫೋನ್ ಎತ್ತುವುದೇ ಇಲ್ಲ. ಮೊದಲೇ ಮಾತಾಡಿಕೊಳ್ಳದೆ ಹೋದರೆ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಚಿತ್ತಾ ಕೋಣೆಯದು. ಮೊದಲ ಸಲ ಬೇರೆ ಹುಂಜ ಹಾಕಿದವನು, ಚುಕ್ಕೆ ಚೆನ್ನಾಗಿ ಕೂರಲಿ ಅಂತ ಆಮೇಲೆ ಎರಡು ತಲೆಮಾರು ಅಪ್ಪನನ್ನೇ ಮಗಳಿಗೆ ಹಾಕಿದ್ದಾನೆ. ಬುಕ್ಕಿನಲ್ಲಿ ಅವನೇ ಬರೆದದ್ದು ಅದು. ಅದೇ ಪುಟದಲ್ಲಿ ಕಾವಿಗಿಟ್ಟ ಮೊಟ್ಟೆ, ಬಂದ ಮರಿಗಳ ಲೆಕ್ಕವೂ ಇದೆ. ಮೊದಲು 20ಕ್ಕೆ 16 ಬರುತ್ತಿದ್ದವು, ಕೊನೆಯ ಸಲ 20ಕ್ಕೆ 9. ಹತ್ತಿರದ ರಕ್ತ ಸೇರಿಸುತ್ತಾ ಹೋದರೆ ಹೀಗೇ ಆಗುವುದು. ಮೊಟ್ಟೆಯಲ್ಲಿ ಕಸುವು ಇರುವುದಿಲ್ಲ, ಮರಿಗಳು ಚಿಪ್ಪಿನಲ್ಲೇ ಸಾಯುತ್ತವೆ. ಅಂಚು ಎಷ್ಟೇ ಚೆಂದ ಇರಲಿ, ಬಟ್ಟೆಯೇ ಪಿಸಿದರೆ ಸೀರೆ ಉಟ್ಟುಕೊಳ್ಳಲು ಆಗುತ್ತದೆಯೇ? ಬೆರಳಿಟ್ಟು ಆ ಎರಡು ಸಂಖ್ಯೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಬಣ್ಣದ ಆಸೇಲಿ ನಾನೇ ನೋಡ್ಲಿಲ್ಲ ಅಕ್ಕಾ" ಅಂದ. ಹೊರಗಿನ ಚಿತ್ತಾ ಹುಂಜ ಸಿಗುವವರೆಗೆ ಆ ಕೋಣೆಯ ಮೊಟ್ಟೆ ಮಾರುವುದಿಲ್ಲ ಅಂತ ಹೇಳಿದ. ಹೋದ ತಿಂಗಳು ಹೋದಾಗಲೂ ಆ ಕೋಣೆಯ ಮೊಟ್ಟೆ ಕೊಡಲಿಲ್ಲ, ಮಾತು ಉಳಿಸಿಕೊಂಡಿದ್ದಾನೆ. ಸದ್ಯಕ್ಕೆ ಚಿತ್ತಾ ಬೇಕು ಅಂತ ಅಲ್ಲಿಗೆ ಹೋಗಬೇಡಿ.

ಬೂದಿ, ಪಟ್ಟೆ, ಬೋಳು ಕತ್ತು ಬೇಕಾದವರು ಖಂಡಿತ ಹೋಗಿ. ಸಾರಿಗೆ ಕೋಳಿ ಬೇಕಾದವರಿಗೆ ಇದು ದುಬಾರಿ, ಊರ ಸಂತೆಯೇ ಸರಿ. ಹೋಗುವಾಗ ಒಂದು ಹಾಳೆ, ಪೆನ್ನು ಇರಲಿ. ನೀವು ಕೊಂಡ ಕೋಳಿಯ ಸಾಲನ್ನು ಬುಕ್ಕಿನಿಂದ ಬರೆದುಕೊಳ್ಳಲು ಬಿಡುತ್ತಾನೆ. ಒಳಗಿರುವ ಬಣ್ಣದ ಕಾಲಮ್ಮನ್ನು ಮರೆಯದೆ ಬರೆದುಕೊಳ್ಳಿ.

ಸ್ಪ್ಲಾಶ್ ಹುಂಜವನ್ನು ಜನವರಿಯಲ್ಲಿ ತಂದೆ. ಮೊದಲ ಮೊಟ್ಟೆಗಳಿಂದ ಬಂದ 5 ಕಪ್ಪು ಮರಿಗಳಲ್ಲಿ 3 ಹೇಂಟೆ ಆಗಿದ್ದವು. ಮಾರ್ಚಿನಲ್ಲಿ ಅವುಗಳ ಮೊಟ್ಟೆ 11 ಕೂಡಿಸಿ ಕಾವಿಗಿಟ್ಟೆ. 9 ಮರಿ ಬಂದವು, ಒಂಬತ್ತೂ ಬೂದಿ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ ಇದು ಹೇಗೆ ಸಾಧ್ಯ ಅಂದರು. ನಾನು ಹಿಂದೆ ಕೊಟ್ಟ ಮಸಿ ಮರಿಗಳಲ್ಲಿ ಒಂದು ಹೇಂಟೆ ಅವರ ಮನೆಯಲ್ಲಿ ಇನ್ನೂ ಇದೆ, ಮೊಟ್ಟೆಯನ್ನೂ ಇಡುತ್ತಿದೆ. ಅದಕ್ಕೆ ನಮ್ಮ ಕಪ್ಪು ಹುಂಜ ಜೊತೆ ಮಾಡೋಣ ಅಂತ ಮಾತಾಗಿದೆ. ನಾನೂ ಒಂದು ನೋಟ್ ಬುಕ್ ತಂದು ಗೆರೆ ಎಳೆದಿದ್ದೇನೆ.